ಹೆಬ್ಬೆಟ್ಟಿನ ಹೆಂಚು

ಮೊನ್ನೆ ಮನೆ ಮೇಲಿನ ಹಳೇ ಹೆಂಚೆಲ್ಲಾ ಇಳಿಸ್ತಿದ್ರು. ಒಂದನ್ನ ಕೈಗೆ ತಗೊಂಡು ಧೂಳು ಹೋಗ್ಲಿ ಅಂತ ನೀರು ಚಿಮುಕಿಸ್ದೆ. ಸುಟ್ಟ ಮಣ್ಣಿನ ವಾಸನೆ ಎದ್ದಿತು. ಮೂಲೇಲಿ ಒಂದು ಹೆಬ್ಬೆಟ್ಟಿನ ಗುರುತು... ಅಲ್ಲೇ ಜಗಲಿ ಮೇಲೆ ಕೂತ್ಬಿಟ್ಟೆ.

ಅದು ನಮ್ಮ ಪಕ್ಕದ್ಮನೆ ಹೆಂಚಿನ ಮಾವಂದು. ಎರಡನೇ ಮಹಾಯುದ್ಧದ ಕಾಲ, ಬಸ್ಸುಗಳು ಇದ್ದಿಲಲ್ಲಿ ಓಡ್ತಿದ್ದ ದಿನ. ಮಾಲೂರಿನ ಪಕ್ಕದ ನಮ್ಮೂರಲ್ಲಿ ಕೋತಿ ಕಾಟಕ್ಕೆ ಯಾರ ಮನೆ ಮೇಲೂ ಹೆಂಚು ನಿಲ್ತಿರಲಿಲ್ಲ. ಮಾವ ಹೆಂಚಿನ ಅಡೀಲಿ ಗಿಣಿಮೂಗಿನಂಥ ಕೊಕ್ಕೆ ಕೂರಿಸ್ದ. ಒಂದಕ್ಕೊಂದು ಕಚ್ಕೊಂಡ್ರೆ ಕೋತಿ ಎಷ್ಟು ಎಳೆದ್ರೂ ಬರ್ತಿರಲಿಲ್ಲ. ಹಸಿ ಇದ್ದಾಗ್ಲೇ ಒಂದೊಂದಕ್ಕೂ ಹೆಬ್ಬೆಟ್ಟು ಒತ್ತೋನು. ಅವರಪ್ಪನೂ ಹಂಗೇ ಮಾಡ್ತಿದ್ದನಂತೆ.

ಮಾಲೂರಿನ ಕಾರ್ಖಾನೆ ಸಾಹುಕಾರ್ರು ಹುಡುಕ್ಕೊಂಡು ಬಂದ್ರು. ಅಚ್ಚು ನಮಗೆ ಕೊಡು, ನಾವು ಮಾಡಿ ಮಾರ್ತೀವಿ, ಮಾರಿದ್ರಲ್ಲಿ ನಿನಗೂ ಪಾಲು ಅಂದ್ರು. ಮಾವ ಕೇಳಿದ್ದು ಒಂದೇ, ಪ್ರತಿ ಹೆಂಚಿನ ಮೇಲೂ ತನ್ನ ಹೆಬ್ಬೆಟ್ಟು ಇರ್ಬೇಕು. ಅವರು ನಕ್ಕು, ಅದೆಲ್ಲಾ ಆಗಲ್ಲ, ಸೋಮವಾರ ಬರ್ತೀವಿ, ಒಂದು ಮಾತು ಹೇಳು ಅಂತ ಹೋದ್ರು.

ಮಾವನಿಗೆ ಎರಡು ದಿನ ಊಟ ಸೇರ್ಲಿಲ್ಲ. ಆಮೇಲೆ, ಆಗಿನ್ನೂ ಹುಡುಗನಾಗಿದ್ದ ನನ್ನ ಹತ್ರ ಬಂದು, "ಕೊಟ್ಬಿಡ್ತೀನಿ ಕಣ್ಲಾ ಅಬ್ಬಾಯಿ. ಮಣ್ಣು ತುಳಿಯೋಕೆ ಮೊಣಕಾಲು ಬಗ್ತಿಲ್ಲ. ಬೆರಳಿಂದೇನು, ಹೋಗ್ಲಿ" ಅಂದ.

ನಾನೋ, ಸುತ್ತಮುತ್ತ ನನ್ನಂಥ ಕಿಲಾಡಿ ಇನ್ನೊಬ್ಬ ಇರ್ಲಿಲ್ಲ. ತೂಕಡಿಸ್ತಿದ್ದ ಪಟೇಲ್ರ ಮೀಸೆಗೆ ಬೆಲ್ಲದ ಪಾಕ ಹಚ್ಚಿ ಇರುವೆ ಬಿಟ್ಟೋನು ನಾನು. ಕೈ ಸುಮ್ನಿರ್ಲಿಲ್ಲ. ಬೆಂಗಳೂರಿನ ಕಂಪನಿಯೋರು ಬರೆದಂಗೆ ಒಂದು ಕಾಗದ ಬರೆದು ಕೋಲಾರದಲ್ಲಿ ಟಪಾಲಿಗೆ ಹಾಕ್ದೆ. ನಿಮ್ಮ ಹೆಬ್ಬೆಟ್ಟನ್ನೇ ಅಚ್ಚಲ್ಲಿ ಕೂರಿಸ್ತೀವಿ, ನಾವು ಬರೋವರೆಗೂ ಯಾರಿಗೂ ಕೊಡ್ಬೇಡಿ ಅಂತ. ಮಾವನಿಗೆ ಓದು ಬರ್ತಿರಲಿಲ್ಲ. ಓದಿ ಹೇಳಿದ್ದೂ ನಾನೇ, ಅದೂ ನಗದೆ. ಭಾನುವಾರ ಸಾಯಂಕಾಲ ನಿಜ ಹೇಳಿ ಇಬ್ರೂ ನಗೋಣ ಅಂತಿದ್ದೆ.

ಸಾಹುಕಾರ್ರು ಭಾನುವಾರ ಬೆಳಿಗ್ಗೇನೇ ಬಂದ್ಬಿಟ್ರು. ನಾನು ಮುಳಬಾಗಿಲಲ್ಲಿ ಯಾರದೋ ಮದುವೆ ಊಟಕ್ಕೆ ಕೂತಿದ್ದೆ. ವಾಪಸ್ ಬಂದಾಗ ಮಾವ ಬಾಗಿಲಲ್ಲೇ ನಿಂತಿದ್ದ. "ನಮ್ಮ ಹೆಂಚಿಗೆ ಬೇರೆಯೋರು ಬರ್ತಾವ್ರೆ ಸ್ವಾಮಿ ಅಂತ ಕಳಿಸ್ಬಿಟ್ಟೆ ಕಣೋ" ಅಂದ. ಅವನ ಮುಖದ ಹಿಗ್ಗು ನೋಡಿ ನಿಜ ಹೇಳೋದನ್ನ ನುಂಗ್ಕೊಂಡೆ.

ಮಾರನೇ ದಿನ ಕಾರ್ಖಾನೆಗೆ ಹೋಗಿ, ಮಾವನ ಅಚ್ಚು ತಗೊಳ್ಳಿ ಅಂತ ಕೈಮುಗಿದೆ. ಸಾಹುಕಾರ್ರು ತಲೆ ಎತ್ತಿ ನೋಡ್ಲಿಲ್ಲ. ಆರು ತಿಂಗಳಲ್ಲಿ ಅವರ ಹೆಂಚಿಗೂ ಕೊಕ್ಕೆ ಬಂತು. ಮಾವನ ಹೆಂಚು ಕೇಳೋರಿಲ್ಲ. ಆದ್ರೂ ದಿನಾ ಬಸ್ಸಿನ ಹೊತ್ತಿಗೆ ಕುಂಟ್ಕೊಂಡು ರಸ್ತೆಗೆ ಹೋಗಿ ನಿಲ್ಲೋನು. ಒಂದಿನ ಬಾಯಿ ಬಿಡೋಣ ಅಂತ ನಾನೂ ಪಕ್ಕದಲ್ಲಿ ನಿಂತೆ.

"ಯುದ್ಧ ಮುಗೀಲಿ ಅಬ್ಬಾಯಿ, ಬರ್ತಾರೆ" ಅಂದ ಮಾವ. "ಆ ಕಾಗದ ಬರೆದೋನು ಒಳ್ಳೇ ಮನಸ್ಸಿನೋನು."

ಯುದ್ಧ ಮುಗಿಯೋಷ್ಟರಲ್ಲಿ ಮಾವ ಇರ್ಲಿಲ್ಲ...

ನನ್ನ ಕಿಲಾಡಿತನ ಎಲ್ಲಾ ಊರ ತುಂಬಾ ಹೇಳ್ಕೊಂಡು ತಿರುಗ್ದೋನು, ಇದೊಂದನ್ನ ಹೇಳಿರ್ಲಿಲ್ಲ. ಹೊತ್ಕೊಂಡು ಹೊತ್ಕೊಂಡು ಸಾಕಾಗಿದೆ. ಹೆಂಚು ಇಳಿಸೋರು ಇದನ್ನೂ ಗಾಡಿಗೆ ಹಾಕ್ಲಾ ತಾತ ಅಂದ್ರು. ಬೇಡ ಅಂದೆ. ಮಾವ ಒತ್ತಿದ್ದ ಗುಳೀಲಿ ನನ್ನ ಹೆಬ್ಬೆಟ್ಟು ಇಟ್ಟು ನೋಡ್ದೆ. ಸುತ್ತಾ ಇನ್ನೂ ಜಾಗ ಉಳಿದಿತ್ತು.