ನೀಲಪ್ಪನವರ ಒಂಟಿ ಬೂಟು

ಬೆಳಗಿನ ಐದೂವರೆ. ಹುಬ್ಬಳ್ಳಿ ರೈಲ್ವೆ ಕಾರ್ಖಾನೆಯ ಹಿಂದಿನ ಬಯಲಿನಲ್ಲಿ ನೀಲಪ್ಪ ಬಲಗಾಲಿನ ಬೂಟು ಬಿಚ್ಚಿ ಪಕ್ಕಕ್ಕಿಡುತ್ತಾರೆ. ಎಡಗಾಲಿನದು ಹಾಗೆಯೇ ಇದೆ. ರಾತ್ರಿಯ ಮಳೆಗೆ ಎರೆಮಣ್ಣು ಬೆಣ್ಣೆಯಾಗಿದೆ.

ಮೂವತ್ನಾಲ್ಕರ ನೀಲಪ್ಪ ಕಾರ್ಖಾನೆ ಫುಟ್ಬಾಲ್ ತಂಡದ ಫುಲ್ ಬ್ಯಾಕ್. ಗೋಲಿನ ಮುಂದೆ ನಿಂತು ಎದುರಾಳಿಯನ್ನು ತಡೆಯುವುದು ಅವರ ಪಾಲಿನ ಕೆಲಸ. ಗೋಲು ಹೊಡೆದವನನ್ನು ಜನ ಹೆಗಲ ಮೇಲೆ ಹೊರುತ್ತಾರೆ. ತಡೆದವನ ಹೆಸರು ಕೇಳುವವರಿಲ್ಲ. ಇದೇ ಊರಿನ ಕಮರಿಪೇಟೆಯ ಓಣಿಯಲ್ಲಿ ಅರಿವೆ ಚೆಂಡು ಒದೆಯುತ್ತ ಬೆಳೆದ ಇವರನ್ನು 1927ರಲ್ಲಿ ಆಟ ನೋಡಿಯೇ ಕಾರ್ಖಾನೆಯ ಕುಲುಮೆ ಕೆಲಸಕ್ಕೆ ಸೇರಿಸಿಕೊಂಡರು. ಹಗಲು ಸುತ್ತಿಗೆ, ಸಂಜೆ ಚೆಂಡು. ಅಂದಿನಿಂದ ಈ ಹತ್ತು ವರ್ಷವೂ ಕಣಕಾಲಿಗೆ ಪಟ್ಟಿ ಸುತ್ತಿಕೊಂಡು ಬರಿಗಾಲಿನಲ್ಲೇ ಆಡಿದ್ದಾರೆ.

ಕಳೆದ ತಿಂಗಳು ಬೆಳಗಾವಿಯ ಬಿಳಿ ಸಿಪಾಯಿಗಳ ಗೋರಾ ಪಲ್ಟನ್ನಿನ ಎದುರು ಕೆಸರಿನಲ್ಲಿ ಜಾರಿದರು. ಎರಡು ಗೋಲು ಬಿದ್ದವು. ತಂಡ ನೋಡಿಕೊಳ್ಳುವ ಗುಮಾಸ್ತ ಏಕನಾಥರಾಯರು ಬೂಟು ತಂದುಕೊಟ್ಟು ಹೇಳಿದ್ದಿಷ್ಟೇ: "ರವಿವಾರ ಅದೇ ಪಲ್ಟನ್ ಬರ್ತದ ನೀಲಪ್ಪಾ. ಬೂಟು ಹಾಕಿದ್ರ ಆಡು, ಇಲ್ಲಂದ್ರ ಕೂತು ನೋಡು." ಈ ವಯಸ್ಸಿನಲ್ಲಿ ಒಮ್ಮೆ ಕುಳಿತವನನ್ನು ಮತ್ತೆ ಯಾರೂ ಎಬ್ಬಿಸುವುದಿಲ್ಲ.

"ಎರಡೂ ಹಾಕ್ಕೊಂಡ್ರ ಚೆಂಡು ಎಲ್ಲೈತಿ ಅಂತ ಕಾಲಿಗೆ ತಿಳಿಯಾಂಗಿಲ್ರಿ," ಎನ್ನುತ್ತಾರೆ ನೀಲಪ್ಪ. "ಊರಿ ನಿಲ್ಲೂ ಕಾಲಿಗೆ ಬೂಟು ಇರ್ಲಿ. ಹೊಡಿಯೂ ಕಾಲು ಬರಿದ ಇರ್ಲಿ."

ಬುತ್ತಿ ತಂದ ಹೆಂಡತಿ ಮುತ್ತವ್ವ ಸೆರಗು ಬಾಯಿಗಿಟ್ಟು ನಗುತ್ತಾರೆ. "ಅರ್ಧಾ ಸಾಹೇಬ್ರು, ಅರ್ಧಾ ಕಮರಿಪೇಟಿ. ಲಗ್ನದಾಗೂ ಇಷ್ಟು ಹೊತ್ತು ಸಿಂಗಾರ ಮಾಡ್ಕೊಂಡಿದ್ದಿಲ್ಲ ನೋಡ್ರಿ ಇವ್ರು."

ಆರು ಗಂಟೆಗೆ ಬಂದ ರಾಯರು ಕಾಲು ನೋಡಿ ಮುಖ ಗಂಟಿಕ್ಕುತ್ತಾರೆ. ತಂಡದಲ್ಲೇ ಚುರುಕಾದ ಮಕಬೂಲಸಾಬನನ್ನು ಕರೆದು, ಚೆಂಡಿನೊಂದಿಗೆ ನೀಲಪ್ಪನನ್ನು ದಾಟು ಎನ್ನುತ್ತಾರೆ. ಮಕಬೂಲಸಾಬ ಎಡಕ್ಕೆ ನುಗ್ಗುತ್ತಾನೆ, ಬಲಕ್ಕೆ ವಾಲುತ್ತಾನೆ. ನೀಲಪ್ಪ ಎಡಗಾಲು ಕೆಸರಿನಲ್ಲಿ ಊರಿ, ಬಲಗಾಲಿನಿಂದ ಚೆಂಡು ಕಿತ್ತುಕೊಳ್ಳುತ್ತಾರೆ. ಇನ್ನೊಮ್ಮೆ ಬಂದಾಗಲೂ ಅದೇ.

"ಕಾಕಾ, ದಾಟಾಕ ಬಿಟ್ಟರ ನಿಮ್ಮ ಗಂಟೇನು ಹೋಗ್ತೈತಿ?" ಎಂದು ಮಕಬೂಲಸಾಬ ಕೆಸರು ಒರೆಸಿಕೊಳ್ಳುತ್ತಾನೆ.

"ಆಡು," ಎನ್ನುತ್ತಾರೆ ರಾಯರು. "ಜನಾ ನಕ್ಕರ ನನ್ನ ಹೆಸರು ಹೇಳಬ್ಯಾಡ."

ಬುತ್ತಿ ಬಿಚ್ಚುತ್ತ ನೀಲಪ್ಪ ಹೇಳುತ್ತಾರೆ: "ಇನ್ನೆರಡು ಮಳಿಗಾಲ ಆಡಿದ್ರ ಸಾಕ್ರಿ. ಆಮ್ಯಾಲ ಹೊರಗ ನಿಂತು ಆಡೋರ್ನ ಬೈಯಾಕ ನಾನೂ ತಯಾರ."

ರವಿವಾರ ಜನ ನಕ್ಕರು. ಆಟ ಗೋಲಿಲ್ಲದೆ ಮುಗಿಯಿತು. ಎರಡು ವಾರದ ಮೇಲೆ ಪುಣೆಗೆ ಆಡಲು ಹೊರಟ ತಂಡದ ಜೊತೆ ನೀಲಪ್ಪ ಗಾಡಿ ಹತ್ತಿದರು.