ಉಳಿದವರಿಗೆ ಬೇಸರ

ನರಗುಂದದ ಇಷ್ರತ ಮಾಂಸ ತಿನ್ನುವುದಿಲ್ಲ. ಇದರ ಹಿಂದೆ ವ್ರತವಿಲ್ಲ, ಯಾವ ಡಾಕ್ಟರರೂ ಬೇಡವೆಂದಿಲ್ಲ. ಚಿಕ್ಕಂದಿನಿಂದಲೂ ಆ ವಾಸನೆಗೆ ಹೊಟ್ಟೆ ತೊಳಸುತ್ತದೆ, ಅಷ್ಟೇ. ಮದುವೆಯ ಮಾತುಕತೆಯಲ್ಲಿ ತವರಿನವರು ಈ ಸಂಗತಿಯನ್ನು ದೊಡ್ಡ ಕಾಯಿಲೆಯಂತೆ ಮುಚ್ಚಿಟ್ಟಿದ್ದರು. ಗೊತ್ತಾದ ದಿನ ಅತ್ತೆ ಚಮನಬಿ ಸೊಸೆಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, "ರಕ್ತ ಕಡಿಮಿ ಐತಿ, ದವಾಖಾನಿಗೆ ಕರ್ಕೊಂಡ ಹೋಗು" ಎಂದು ಮಗನಿಗೆ ಹೇಳಿದರು. ಮಗ ಮುನಾವರ ಬಜಾರದಲ್ಲಿ ಸ್ಟೀಲ್ ಪಾತ್ರೆಗಳ ಅಂಗಡಿ ಇಟ್ಟವನು, ಯಾವುದಕ್ಕೂ ಅವಸರಪಡದ ಮನುಷ್ಯ. ದವಾಖಾನೆಯ ಮಾತು ಅಲ್ಲಿಗೇ ನಿಂತಿತು.

ತಿನ್ನದಿದ್ದರೂ ಮನೆಮಂದಿಗೆ ಮಾಡಿ ಹಾಕುವವಳು ಇಷ್ರತಳೇ. ಮೂಗಿಗೆ ಸೆರಗು ಕಟ್ಟಿಕೊಂಡು, ಬಣ್ಣ ನೋಡಿಯೇ ಮಸಾಲೆ ಹಾಕುತ್ತಾಳೆ. ಉಪ್ಪು ನೋಡುವುದು ಮುನಾವರನ ಕೆಲಸ. ಆಕೆಯ ಕೈಯ ಖೀಮಾ ಉಣ್ಣಲೆಂದೇ ನೆಂಟರು ಕೊಣ್ಣೂರಿನಿಂದ ಬರುವುದುಂಟು. ಉಂಡು ಕೈ ತೊಳೆದು, "ನೀನೂ ಕುಂದ್ರವಾ" ಎನ್ನುವರು. ಆಕೆ ಒಳಗೆ ಹೋಗಿ ಪುಂಡಿಪಲ್ಯ, ರೊಟ್ಟಿ ಬಡಿಸಿಕೊಳ್ಳುವಳು.

ಮದುವೆಯ ಮೇಲೆ ಕೆಲವು ವರ್ಷ ಆಕೆ ಒಂದು ಸಂಸ್ಥೆಯ ಪರವಾಗಿ ಹಳ್ಳಿಗಳಲ್ಲಿ ಮನೆಮನೆ ಸಮೀಕ್ಷೆ ಮಾಡಿದಳು. ಜೊತೆಗಿದ್ದವಳು ರೋಣದ ಸಿದ್ದವ್ವ. ಹೊಲಮನೆ ಇದ್ದ ಲಿಂಗಾಯತರ ಹೆಣ್ಣುಮಗಳು, ಇಷ್ರತಳಿಗಿಂತ ವಯಸ್ಸಿನಲ್ಲಿ ದೊಡ್ಡವಳು, ಮಾತಿನಲ್ಲಂತೂ ಇನ್ನೂ ದೊಡ್ಡವಳು. ಹೊಳೆಮಣ್ಣೂರಿನಲ್ಲಿ ಒಬ್ಬ ಬಾಣಂತಿಯನ್ನು ಇಷ್ರತ ಕೇಳಿದಳು: "ತತ್ತಿ, ಮಾಂಸ ತಿಂತೀರೇನ್ರಿ?" ಆಕೆ ಇಷ್ರತಳ ತಲೆಯ ಮೇಲಿನ ದುಪಟ್ಟಾ ನೋಡಿ, "ತಿಂತೀವ್ರಿ, ಯಾಕ ತಿನ್ನೂದಿಲ್ಲ" ಎಂದಳು. ಮರುವಾರ ತಾಳೆ ನೋಡಲು ಹೋಗಿ ಅದೇ ಪ್ರಶ್ನೆ ಕೇಳಿದ ಸಿದ್ದವ್ವನ ಹಣೆಯ ವಿಭೂತಿ ನೋಡಿ, "ಅಯ್ಯ, ನಾವು ಮುಟ್ಟೂದಿಲ್ಲವಾ" ಎಂದಳು. ಇಬ್ಬರೂ ಕೇಳಿದ್ದನ್ನು ಕೇಳಿದ ಹಾಗೆ ಬರೆದುಕೊಂಡರು. ಆಫೀಸಿನವರು ಇದನ್ನು ತಪ್ಪು ಎಂದರು. ಇಷ್ರತಳಿಗೆ ಅದು ಮರ್ಯಾದೆ ಅನ್ನಿಸಿತು. ಮನೆ ಬಾಗಿಲಿಗೆ ಬಂದವರ ಮನಸ್ಸು ನೋಯಿಸಬಾರದೆಂದು ಆ ಹೆಣ್ಣುಮಗಳು ಎರಡು ಸಲ ಸುಳ್ಳು ಹೇಳುವ ಕಷ್ಟ ತೆಗೆದುಕೊಂಡಿದ್ದಳು.

ಸಮೀಕ್ಷೆಯ ಕೆಲಸ ಮುಗಿದರೂ ಗೆಳೆತನ ಮುಗಿಯಲಿಲ್ಲ. ಲಾಕ್‌ಡೌನ್ ಕಾಲದಲ್ಲಿ ಇಬ್ಬರೂ ಸೇರಿ ಫೇಸ್‌ಬುಕ್‌ನಲ್ಲಿ 'ಒಲಿ ಮುಂದ' ಎಂಬ ಅಡಿಗೆಯ ಬಳಗ ತೆರೆದರು. ಮೊದಲು ಓಣಿಯವರು, ನಂತರ ಚಿಕ್ಕನರಗುಂದದವರು, ಆಮೇಲೆ ಸೊಲ್ಲಾಪುರಕ್ಕೋ ಪುಣೆಗೋ ಕೊಟ್ಟ ಹೆಣ್ಣುಮಕ್ಕಳು, ಹೀಗೆ ಸದಸ್ಯರು ಸಾವಿರ ದಾಟಿದರು. ಎಣ್ಣಿಗಾಯಿ, ಮಾದಲಿ, ಶೇಂಗಾ ಹಿಂಡಿ, ರಂಜಾನಿಗೆ ಶಾವಿಗೆ ಪಾಯಸದ ಸುರಕುಂಬಾ. ಸುರಕುಂಬಾದ ಚಿತ್ರಕ್ಕೆ ಅತಿ ಹೆಚ್ಚು ಮೆಚ್ಚುಗೆ ಬಂದದ್ದು ರೋಣದ ಕಡೆಯಿಂದ. ಎಲ್ಲರೂ ಒಬ್ಬರನ್ನೊಬ್ಬರು ಅಕ್ಕಾ, ತಂಗಿ ಎನ್ನುತ್ತಿದ್ದರು.

ಒಂದು ಬಕ್ರೀದಿನ ಮರುದಿನ ಕೊಣ್ಣೂರಿನ ಶಬಾನಾ ಎಂಬ ಸದಸ್ಯೆ ಒಂದು ಬೋಗುಣಿ ಖೀಮಾದ ಚಿತ್ರ ಹಾಕಿದಳು. ಮೆಚ್ಚುಗೆ ಇಲ್ಲ, ಬೈಗುಳವೂ ಇಲ್ಲ. ಸಂಜೆಯ ಹೊತ್ತಿಗೆ ಯಾರೋ ಒಬ್ಬರು, 'ನನಗೇನೂ ಇಲ್ಲ, ಆದರೆ ಉಳಿದವರ ಭಾವನೆ ನೋಡಬೇಕಲ್ಲ' ಎಂದು ಬರೆದರು. ಅದರ ಕೆಳಗೆ ಅದೇ ಮಾತನ್ನು ಹಲವರು ಹಲವು ರೀತಿಯಲ್ಲಿ ಬರೆದರು. ಶಬಾನಾ ಚಿತ್ರ ತೆಗೆದುಹಾಕಿದಳು. ಆಗ, ಚಿತ್ರ ತೆಗೆದದ್ದು ಯಾಕೆ ಎಂದು ಇನ್ನೊಂದಿಷ್ಟು ಜನಕ್ಕೆ ನೋವಾಯಿತು.

ಈ ಹೊತ್ತಿನಲ್ಲಿ ಮುಂದೆ ಬಂದವರು ಗಜೇಂದ್ರಗಡದ ಅಂದಾನಪ್ಪನವರು. ನಿವೃತ್ತ ಉಪನ್ಯಾಸಕರು. ಜೀವನದಲ್ಲಿ ಒಲೆ ಹಚ್ಚಿದವರಲ್ಲ, ಆದರೆ ಬಳಗದಲ್ಲಿ ಬಂದ ಪ್ರತಿ ರೊಟ್ಟಿಯ ಕೆಳಗೂ 'ಅಂಚು ತುಸು ದಪ್ಪ' ಎಂದು ಬರೆಯುವವರು. "ಭಾವನೆ ಆಮ್ಯಾಲೆ, ಮೊದಲ ಅಂಕಿ-ಅಂಶ" ಎಂದು ಅವರು ಸದಸ್ಯರ ಸಮೀಕ್ಷೆಯ ಸಲಹೆ ಕೊಟ್ಟರು. ಸಮೀಕ್ಷೆ ಎಂದೊಡನೆ ಇಷ್ರತಳಿಗೂ ಹಳೆಯ ಹುರುಪು ಬಂತು.

ಮೂವರೂ ರೋಣದಲ್ಲಿ ಸಿದ್ದವ್ವನ ಪಡಸಾಲೆಯಲ್ಲಿ ಸೇರಿದರು. ಮುಂದೆ ಗಿರ್ಮಿಟ್, ಮಿರ್ಚಿ ಭಜಿ. ಅಂದಾನಪ್ಪನವರು ಪ್ರಶ್ನೆ ಬರೆದುಕೊಂಡೇ ಬಂದಿದ್ದರು. ಕನ್ನಡಕ ಏರಿಸಿ ಓದಿದರು: "ನೀವು ಶುದ್ಧ ಸಸ್ಯಾಹಾರಿಗಳೇ?"

"ಹಂಗಾರ ಉಳದಾವ್ರು ಅಶುದ್ಧ ಏನ್ರಿ ಸರ್?" ಎಂದಳು ಇಷ್ರತ.

ಅವರು ಒಡನೆ ಹೊಡೆದುಹಾಕಿ, "ನೀವು ಮಾಂಸಾಹಾರಿಗಳೇ?" ಎಂದು ಬರೆದರು.

ಸಿದ್ದವ್ವ ಭಜಿ ಕಡಿಯುತ್ತ ನಕ್ಕಳು. "ಹುಲಿಗೆ, ಚಿರತಿಗೆ ಕೇಳಿದಂಗ ಆತ್ರಿ. ಯಾರ ಹೌದಂತಾರ?"

"ನಿಮ್ಮ ಮನೆಯಲ್ಲಿ ಮಾಂಸದ ಅಡಿಗೆ ಮಾಡುತ್ತೀರಾ ಅಂತ ಕೇಳೂಣು" ಎಂದರು ಅಂದಾನಪ್ಪನವರು.

"ಮನ್ಯಾಗ ಅಂದ್ರ ಯಾರೂ ಮಾಡೂದಿಲ್ರಿ. ಹೊಲದಾಗ ಮಾಡ್ತಾರ, ಧಾಬಾದಾಗ ತಿಂತಾರ. ಮನಿ ಮಾತ್ರ ಮಡಿಯಾಗನ ಇರತೈತಿ" ಎಂದಳು ಸಿದ್ದವ್ವ.

ಆಮೇಲೆ ತತ್ತಿಯ ಪ್ರಶ್ನೆ ಬಂತು. ತತ್ತಿ ಯಾವುದರೊಳಗೆ? ಅಂದಾನಪ್ಪನವರು ಮಾಂಸದ ಕಡೆಗೇ ಹಾಕಿದರು. "ಮೊನ್ನಿ ಮೊಮ್ಮಗಳ ಹುಟ್ಟಹಬ್ಬದ್ದು ಕೇಕ್ ಫೋಟೋ ಹಾಕಿದ್ರಲ್ರಿ, ಅದೂ ಆ ಕಡೇನ ಬಂತು" ಎಂದಳು ಇಷ್ರತ. ಅವರು ತತ್ತಿಯನ್ನು ಸಮೀಕ್ಷೆಯಿಂದಲೇ ಕೈಬಿಟ್ಟರು.

'ಹೇಳಲು ಇಷ್ಟವಿಲ್ಲ' ಎಂಬ ಉತ್ತರವನ್ನೂ ಕೊಡೋಣ ಎಂದು ಇಷ್ರತ ಹೇಳಿದಾಗ ಸಿದ್ದವ್ವ ಒಪ್ಪಲಿಲ್ಲ. "ಅದನ್ನ ಒತ್ತಿದಾಕಿ ತಿಂತಾಳಂತನ ಲೆಕ್ಕ. ಬಾಯಿ ಮುಚ್ಚಿಕೊಂಡಾರಂದ್ರ ಬಾಯಾಗ ಏನರ ಇರಬೇಕು." ಅಂದಾನಪ್ಪನವರಿಗೆ ಸದಸ್ಯರ ಹೆಸರೂ ಊರೂ ಬೇಕಾಗಿದ್ದವು. "ಹೆಸರಿಲ್ಲದ ಉತ್ತರಕ್ಕ ಬೆಲಿ ಇಲ್ಲವಾ."

"ಹೆಸರು ಕೇಳಿದ್ರ ಖರೇ ಹೇಳೂದಿಲ್ರಿ ಸರ್. ಹೊಳಿಮಣ್ಣೂರಾಗ ನೋಡೀವಿ" ಎಂದಳು ಇಷ್ರತ. ಹೆಸರು ಬಿಟ್ಟರು.

ಭಜಿ ಮುಗಿದು ಚಹಾ ಬಂದಾಗ ಇಷ್ರತಳಿಗೆ ಹಳೆಯ ತರಬೇತಿಯ ಮಾತು ನೆನಪಾಯಿತು. ಮುಜುಗರದ ವಿಷಯವಿದ್ದರೆ ಅವರ ಬಗ್ಗೆಯಷ್ಟೇ ಕೇಳಬಾರದು, ಅವರಂಥ ಬೇರೆಯವರ ಬಗ್ಗೆಯೂ ಕೇಳಬೇಕು. ಇನ್ನೊಬ್ಬರ ಹೆಸರಿನಲ್ಲಿ ಜನ ತಮ್ಮ ಮನಸ್ಸು ಹೇಳಿಬಿಡುತ್ತಾರೆ. ಹಾಗಾಗಿ ಯಾರು ಏನು ತಿನ್ನುತ್ತಾರೆ ಎನ್ನುವುದನ್ನೇ ಬಿಟ್ಟು ಎರಡು ಪ್ರಶ್ನೆ ಬರೆದಳು. ಬಳಗದಲ್ಲಿ ಮಾಂಸದ ಅಡಿಗೆಯ ಚಿತ್ರ ಕಂಡರೆ ನಿಮಗೆ ಬೇಸರವಾಗುತ್ತದೆಯೇ? ಉಳಿದ ಸದಸ್ಯರಿಗೆ ಬೇಸರವಾಗುತ್ತದೆಂದು ನಿಮಗೆ ಅನ್ನಿಸುತ್ತದೆಯೇ?

"ಭಾಳ ಚಲೋ," ಎಂದರು ಅಂದಾನಪ್ಪನವರು. "ಯಾರಿಗೂ ನೋವಿಲ್ಲ, ಎಲ್ಲಾ ತಿಳೀತೈತಿ." ಬಸ್ಸಿನಲ್ಲಿ ಮರಳುವಾಗ ಇಷ್ರತಳಿಗೆ ತನ್ನ ಜಾಣತನದ ಬಗ್ಗೆ ಒಳಗೊಳಗೇ ಸಂತೋಷವಾಗುತ್ತಿತ್ತು.

ಸಮೀಕ್ಷೆ ಮುಗಿಯಿತು. ಹೆಚ್ಚುಕಡಿಮೆ ಎಲ್ಲರೂ ತಮಗೆ ಬೇಸರವಿಲ್ಲ ಎಂದಿದ್ದರು. ಹೆಚ್ಚುಕಡಿಮೆ ಎಲ್ಲರೂ ಉಳಿದವರಿಗೆ ಬೇಸರವಾಗುತ್ತದೆ ಎಂದಿದ್ದರು. ತಮಗೇ ಬೇಸರ ಎಂದವರು ಬೆರಳೆಣಿಕೆಯಷ್ಟು ಮಂದಿ.

ಇಷ್ರತ ಖುಷಿಯಿಂದ ಫೋನು ಮಾಡಿದಳು. "ಯಾರಿಗೂ ಏನೂ ಇಲ್ಲಂತ್ರಿ ಸರ್! ಜಗಳ ಮುಗದಂಗ ಆತು."

"ನೀವು ಒಂದ ಪ್ರಶ್ನೆ ನೋಡಾಕತ್ತೀರಿ," ಎಂದರು ಅಂದಾನಪ್ಪನವರು ಗಂಭೀರವಾಗಿ. "ಎರಡನೇದು ನೋಡ್ರಿ. ಉಳದಾವ್ರಿಗೆ ಬೇಸರ ಆಕ್ಕೈತಿ ಅಂತ ಬಹುಮತ ಹೇಳೇತಿ. ಬಹುಮತಕ್ಕ ಬೆಲಿ ಕೊಡಬೇಕು."

"ಆ ಉಳದಾವ್ರು ಯಾರ್ರಿ? ಎಲ್ಲಾರೂ ಇಲ್ಲೇ ಉತ್ತರ ಕೊಟ್ಟಾರಲ್ಲ."

"ಸಮಾಜ" ಎಂದರು ಅವರು. ನಂತರ, "ತಮಗ ಬೇಸರ ಅಂದಾರಲ್ಲ ಆ ನಾಕು ಮಂದಿ, ಅವರು ಸಂಸ್ಕಾರ ಉಳಿಸಿಕೊಂಡಾವ್ರು. ಅವರನ್ನೂ ಕಾಯಬೇಕು."

"ಅದರಾಗ ಒಬ್ಬಾಕಿ ನಾನ ಅದೀನ್ರಿ ಸರ್. ಆ ಖೀಮಾ ನೋಡಿ ಆವತ್ತ ಊಟ ಬಿಟ್ಟೀನಿ."

ಅಂದಾನಪ್ಪನವರು ಮನಸಾರೆ ನಕ್ಕರು. "ನೀವು ಚಾಷ್ಟಿ ಚಲೋ ಮಾಡ್ತೀರಿ ಬಿಡ್ರಿ!" ಎಂದು ಫೋನಿಟ್ಟರು. ಊಟ ಬಿಟ್ಟ ಮಾತನ್ನು ಇಷ್ರತ ಬಳಗದಲ್ಲೂ ಬರೆದಳು. ನಗುವ ಮುಖಗಳು ರಾಶಿರಾಶಿ ಬಂದವು. ಇಡೀ ಸಮೀಕ್ಷೆಯಲ್ಲಿ ಬಹುಶಃ ಅತ್ಯಂತ ಪ್ರಾಮಾಣಿಕವಾಗಿದ್ದ ಆ ಉತ್ತರವನ್ನು ನಂಬಿದವರು ಒಬ್ಬರೂ ಇರಲಿಲ್ಲ. ಆಕೆಗೆ ನಗುವೂ ಬಂತು, ಸಣ್ಣ ಸಂಕಟವೂ ಆಯಿತು. ಮನೆಯಲ್ಲಿ ತನ್ನನ್ನು ರೋಗಿ ಎಂದರು. ಹೊರಗೆ ಹಾಸ್ಯಗಾರ್ತಿ ಎಂದರು.

ಸಿದ್ದವ್ವ ಮಾತ್ರ ನಗಲಿಲ್ಲ. ಆ ದಿನ ಫೋನಿನಲ್ಲಿ ಇಷ್ರತ ಕೇಳಿದಳು: "ಅಕ್ಕಾ, ನೀ ಏನ ಒತ್ತಿದಿ?"

"ನನಗ ಬೇಸರ ಇಲ್ಲಂತ. ಉಳದಾವ್ರಿಗೆ ಐತಿ ಅಂತ."

"ಯಾರನ್ನ ನೆನಸ್ಕೊಂಡು ಒತ್ತಿದಿ?"

"ಮತ್ಯಾರ್ನ? ನಿನ್ನ. ಸಮೀಕ್ಷಾಕ ಹೋದಾಗ ಕೋಳಿ ಅಂಗಡಿ ಬಂದ್ರ ನನ್ನ ಸೆರಗಿನಾಗ ಮುಖ ಮುಚ್ಚಿಕೋತಿದ್ದಿಲ್ಲ?"

ಎರಡನೆಯ ಪ್ರಶ್ನೆಗೆ ಹೌದು ಎನ್ನುವಾಗ ಇಷ್ರತಳ ಕಣ್ಣ ಮುಂದೆ ಇದ್ದದ್ದು ಸಿದ್ದವ್ವನ ಹಣೆಯ ವಿಭೂತಿ.

ಬಹುಮತದ ಗೌರವಾರ್ಥ ಬಳಗ ಒಡೆಯಿತು. 'ಒಲಿ ಮುಂದ' ಹಾಗೆಯೇ ಉಳಿದು ಸಿದ್ದವ್ವನ ಕೈಗೆ ಬಂತು. ಮಾಂಸದ ಅಡಿಗೆಗೆಂದು ತೆರೆದ 'ಒಲಿ ಹಿಂದ' ಬಳಗ, ಯಾರೂ ಚರ್ಚಿಸದೆಯೇ, ಸಹಜವೆಂಬಂತೆ ಇಷ್ರತಳ ಕೈಗೆ ಬಂತು. ಆಕೆ ಬೇಡವೆಂದಳು. ಎಲ್ಲರೂ ಅದನ್ನು ವಿನಯ ಎಂದುಕೊಂಡರು.

ಹೊಸ ಬಳಗಕ್ಕೆ ಮೊದಲು ಬಂದವರು ಹಳೆಯ ಬಳಗದವರೇ. ಬರೀ ನೋಡಲಿಕ್ಕೆ ಎಂದು ಹಲವರು ಬರೆದುಕೊಂಡು ಬಂದರು. ಒಂದು ಹಬ್ಬದಿಂದ ಇನ್ನೊಂದು ಹಬ್ಬ ಬರುವಷ್ಟರಲ್ಲಿ 'ಒಲಿ ಹಿಂದ' ಮುಂದಿನದಕ್ಕಿಂತ ದೊಡ್ಡದಾಯಿತು. ಅಂದಾನಪ್ಪನವರ ಕೋರಿಕೆಯೂ ಬಂತು. ಕಾರಣ ಬರೆಯುವ ಜಾಗದಲ್ಲಿ 'ಅಧ್ಯಯನಕ್ಕಾಗಿ' ಎಂದಿತ್ತು. ಇಷ್ರತ ಸೇರಿಸಿಕೊಂಡಳು.

ಆದರೆ ಚಿತ್ರಗಳನ್ನು ನೋಡಿ ಒಪ್ಪಿಗೆ ಕೊಡಬೇಕಾದವಳು ಆಕೆಯೇ. ಮೊದಮೊದಲು ಅರೆಗಣ್ಣು ಮುಚ್ಚಿ ಒತ್ತುತ್ತಿದ್ದಳು. ಆಮೇಲೆ ಫೋನನ್ನು ಅತ್ತೆಯ ಕೈಗೇ ಕೊಟ್ಟಳು. ಓದು ಬರದ ಚಮನಬಿ ಈಗ ಮಧ್ಯಾಹ್ನದ ನಮಾಜು ಮುಗಿಸಿ ಬಾಗಿಲಲ್ಲಿ ಕುಳಿತು, ಬೆರಳಿನಿಂದ ಚಿತ್ರ ಸರಿಸುತ್ತ ತೀರ್ಪು ಕೊಡುತ್ತಾರೆ. ಇಷ್ರತ ಪಕ್ಕದಲ್ಲಿ ಕುಳಿತು ಬೇರೆ ಕಡೆ ಮುಖ ಮಾಡಿ ಬರೆದುಕೊಳ್ಳುತ್ತಾಳೆ.

"ಇದಕ್ಕ ಎಣ್ಣಿ ಸಾಲ್ದು. ಇದು ಬೆಂದಿಲ್ಲ, ವಾಪಸ್ ಕಳಸು. ಇದು ಯಾರ್ದು?"

"ಗಜೇಂದ್ರಗಡದ ಸರ್ ಹಾಕ್ಯಾರ. ಯಾರೋ ಗೆಳ್ಯಾರ ಹೊಲದಾಗ ಮಾಡಿದ್ದಂತ."

ಚಮನಬಿ ಫೋನನ್ನು ಕಣ್ಣಿನ ಹತ್ತಿರ ತಂದು ಬಹಳ ಹೊತ್ತು ನೋಡಿದರು. "ಮಸಾಲಿ ಕರೆಕ್ಟ್ ಐತಿ," ಎಂದರು. "ಆದ್ರ ರೊಟ್ಟಿ ಅಂಚು ದಪ್ಪ ಆಗ್ಯಾವ. ಬರಿ."

ಇಷ್ರತ ಬರೆದಳು.