ಎದುರು ಗೋಡೆಯ ಗವಾಕ್ಷಿ

ಸಿದರಾಯ ಕಾಕಾ ಯಾರ ಮನೆಗೆ ಹೋದರೂ ಮೊದಲು ಒಂದು ಬೀಡಿ ಹಚ್ಚುತ್ತಿದ್ದರು. ಸೇದುತ್ತಿರಲಿಲ್ಲ, ಕೋಣೆಯ ನಡುವೆ ಹಿಡಿದು ನಿಂತು, ಹೊಗೆ ಯಾವ ಕಡೆ ಹೋಗುತ್ತದೆಂದು ನೋಡುತ್ತಿದ್ದರು. ಎಂಬತ್ತರ ದಶಕದ ಕೊನೆಗೆ ನಿಪ್ಪಾಣಿಯಲ್ಲಿ, ಬೀಡಿ ಕಟ್ಟುವ ಹೆಂಗಸರಿಗೆಂದು ಕಡಿಮೆ ದರದ ನಾಲ್ಕಂತಸ್ತಿನ ಮನೆಗಳು ಎದ್ದವು. ಕಟ್ಟಿದ ಗೌಂಡಿಗಳಲ್ಲಿ ಅವರೂ ಒಬ್ಬರು. ನಮಗೆ ಬಂದದ್ದು ತೀರ ಮೇಲಿನ ಕೋಣೆ.

ಅದಕ್ಕಿದ್ದ ಒಂದೇ ಕಿಟಕಿಯನ್ನು ಅವ್ವ ಗೋಣಿಚೀಲದಿಂದ ಮುಚ್ಚಿಬಿಟ್ಟಿದ್ದಳು. ಗಾಳಿ ತಾಗಿದರೆ ನೆನೆಸಿದ ಬೀಡಿ ಎಲೆ ಒಣಗಿ, ಸುತ್ತುವಾಗ ಹರಿಯುತ್ತದೆ. ಸಾಲಿನ ಎಲ್ಲ ಮನೆಗಳಲ್ಲೂ ಇದೇ ಪಾಡು. ತಂಬಾಕಿನ ಘಾಟು ಒಳಗೇ ನಿಂತು ಅವ್ವನಿಗೆ ದಮ್ಮು ಹತ್ತಿತು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಗೋಡೆಗೆ ಒರಗಿ ಕುಳಿತೇ ಬೆಳಗು ಮಾಡುತ್ತಿದ್ದಳು. ತಾರಸಿ ಕಾದ ಒಂದು ಮಧ್ಯಾಹ್ನ ಅವಳ ತುಟಿ ನೀಲಿಯಾದದ್ದು ಕಂಡು ಕೆಳಗೆ ಓಡಿದೆ. ಕಾಕಾನನ್ನು ಕರೆತಂದೆ.

ಹೊಗೆ ನೆಟ್ಟಗೆ ಮೇಲೇರಿ ಅಲ್ಲೇ ನಿಂತಿತು. ಕಾಕಾ ಚೀಲ ಕೀಳಲು ಹೋದರು, ಅವ್ವ ಅಡ್ಡ ನಿಂತಳು.

"ಎಲಿ ಒಣಗಿದ್ರ ಹೊಟ್ಟಿಗೆ ಏನ್ ತಿನ್ನೂಣ್ರಿ ಅಣ್ಣಾ?"

ಕಾಕಾ ಬೀಡಿ ಆರಿಸಿದರು. ಆಮೇಲೆ ಅಂದರು: "ತಪ್ಪು ನಿಂದಲ್ಲ ತಂಗಿ. ನಕಾಶಿದಾಗ ಎರಡೂ ಗ್ವಾಡಿಗೆ ಮ್ಯಾಲ ಗವಾಕ್ಷಿ ಇದ್ದೂ. ಚೌಕಟ್ಟಿನ ಖರ್ಚು ಉಳೀತೈತಿ ಅಂತ ಗುತ್ತೇದಾರ ಮುಚ್ಚಿಸಿದ. ಮುಚ್ಚಿದಂವ ನಾನ."

ಮರುದಿನ ಉಳಿ, ಸುತ್ತಿಗೆ, ಏಣಿ ಹಿಡಿದು ಬಂದರು. ಬೀದಿ ಕಡೆಯ ಗೋಡೆಗೆ ಸೂರಿನ ಹತ್ತಿರ ಒಂದು ಕಿಂಡಿ ಆಯಿತು. ಎದುರು ಗೋಡೆಯದು ಅರ್ಧ ಆಗುವಷ್ಟರಲ್ಲಿ ಗುತ್ತಿಗೆದಾರನೇ ಮೆಟ್ಟಿಲು ಹತ್ತಿ ಬಂದ. ಇಳಿಯದಿದ್ದರೆ ಈ ಊರಲ್ಲಿ ಇನ್ನು ಕೆಲಸ ಸಿಗದಂತೆ ಮಾಡುತ್ತೇನೆಂದು ಗದರಿಸಿದ. ಬಾಗಿಲಲ್ಲಿ ಹೆಂಗಸರು ನೆರೆದರು.

ಕಾಕಾ ತಿರುಗಿಯೂ ನೋಡಲಿಲ್ಲ. "ಇನ್ನ ನಾಕ ಇಟ್ಟಂಗಿ ಅದಾವ್ರಿ. ಅಷ್ಟ ತಗದು ಇಳೀತೀನಿ."

ಕೊನೆಯ ಇಟ್ಟಿಗೆ ಬಿದ್ದಾಗ ಗಾಳಿ ನಮ್ಮ ತಲೆಯ ಮೇಲಿಂದಲೇ ಹಾದುಹೋಯಿತು. ಕಿಟಕಿಯ ಚೀಲ ಹಾಗೇ ಇರಲಿ ಎಂದರು ಕಾಕಾ. ಕೆಳಗೆ ಕುಳಿತ ಅವ್ವ ಒಂದು ಎಲೆ ಸುತ್ತಿ ನೋಡಿದಳು, ಹರಿಯಲಿಲ್ಲ. ಆ ವಾರವೇ ಅವಳು ಎಷ್ಟೋ ದಿನಗಳ ಮೇಲೆ ಅಡ್ಡಾಗಿ ನಿದ್ದೆ ಮಾಡಿದಳು.

ಗುತ್ತಿಗೆದಾರ ಮಾತು ಉಳಿಸಿಕೊಂಡ. ಕಾಕಾ ಊರು ಬಿಟ್ಟರು.

ನಾಲ್ಕು ವರ್ಷದ ಮೇಲೆ ಅಥಣಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು, ಬಹಳ ಸೊರಗಿದ್ದರು. ನನ್ನ ಸಮಾಚಾರ ಕೇಳಲೇ ಇಲ್ಲ.

"ಅವ್ವ ಈಗ ಮಲಗಿ ನಿದ್ದಿ ಮಾಡತಾಳೇನಪಾ?"

ಅವ್ವ ತೀರಿಕೊಂಡು ತಿಂಗಳಾಗಿತ್ತು. ಕೊನೆಗೆ ಆ ದಮ್ಮೇ ಅವಳನ್ನು ಒಯ್ದಿತ್ತು.

"ಹೌದ್ರಿ ಕಾಕಾ," ಅಂದೆ. "ಚಲೋ ನಿದ್ದಿ ಹತ್ತತೈತಿ."